ಅಟ್ಟದ ಮೇಲಣ ವಿಡಿಯೊ ಕ್ಯಾಸೆಟ್ಟುಗಳು

ಮನೆಯನ್ನು ಬಿಟ್ಟು ಪರದೇಶಕ್ಕೆ ಹೊರಡುವ ಸಂಸಾರವು ಯಾವ ವಸ್ತುವನ್ನು ಏನು ಮಾಡಬೇಕೆಂಬ ವಿಷಯದಲ್ಲಿ ನಮ್ಮ ಹಿರಿಯರು ಬಹುಮಟ್ಟಿಗೆ ದಾರಿಯನ್ನು ಹಾಕಿಕೊಟ್ಟಿದ್ದಾರೆ. ದೇವರ ಪೆಟ್ಟಿಗೆಯು ದಾಯಾದಿಗಳ ಮನೆಗೆ ಹೋಗುತ್ತದೆ; ತಾಮ್ರದ ಹಂಡೆ ಕೊಪ್ಪರಿಗೆಗಳು ಹೆಣ್ಣುಮಕ್ಕಳ ಪಾಲಿಗೆ ಬರುತ್ತವೆ; ಹಸುಕರುಗಳನ್ನು ನಂಬಿಕೆಯ ನೆರೆಯವರಿಗೆ ಒಪ್ಪಿಸುವುದುಂಟು. ಆದರೆ ವಿಡಿಯೊ ಕ್ಯಾಸೆಟ್ಟೆಂಬುದು ಹಿರಿಯರು ಕಾಣದಿದ್ದ ವಸ್ತು. ಅದಕ್ಕೆ ರೂಢಿಯೂ ಇಲ್ಲ, ಶಾಸ್ತ್ರವೂ ಇಲ್ಲ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಸೀಮೆಯಿಂದ ಹೊರಟ ಮಕ್ಕಳು ದೂರದೇಶಗಳಲ್ಲಿ ನೆಲೆಸಿ, ಈಗ ವೃದ್ಧರಾದ ತಾಯಿತಂದೆಗಳೂ ಅವರನ್ನು ಹಿಂಬಾಲಿಸುತ್ತಿರುವ ಕಾಲದಲ್ಲಿ ಈ ಪ್ರಶ್ನೆಯು ಅನೇಕ ಮನೆಗಳಲ್ಲಿ ಹುಟ್ಟತಕ್ಕದ್ದೇ. ಆದುದರಿಂದ ಈ ತಿಂಗಳು ನಮಗೆ ತಿಳಿದಷ್ಟನ್ನು ವಾಚಕರ ಮುಂದಿಡುತ್ತೇವೆ.

ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ಮಾರ್ಗದಲ್ಲಿ ನಮ್ಮ ಬಂಧುಗಳ ತೋಟದ ಮನೆಯೊಂದಿದೆ. ಯಜಮಾನರೂ ಅವರ ಪತ್ನಿಯೂ ತೋಟವನ್ನು ತಮ್ಮನ ವಶಕ್ಕೆ ಕೊಟ್ಟು, ಅಮೆರಿಕಾದಲ್ಲಿರುವ ಮಗನ ಬಳಿಗೆ ಹೊರಟಿದ್ದರು. ಸಾಮಾನು ಕಟ್ಟುವ ದಿನಗಳಲ್ಲಿ ನಾವೂ ಸಹಾಯಕ್ಕೆಂದು ಹೋಗಿದ್ದೆವು. ಅಟ್ಟದಿಂದ ಇಳಿಸಿದ ತಗಡಿನ ಪೆಟ್ಟಿಗೆಯೊಂದರಲ್ಲಿ ನಲವತ್ತೊಂದು ಕ್ಯಾಸೆಟ್ಟುಗಳಿದ್ದವು. ಒಂದೊಂದೂ ಸುಮಾರು ಕಾಲು ಕಿಲೋ ತೂಕ. ವಿಮಾನದಲ್ಲಿ ಸಾಮಾನ್ಯವಾಗಿ ಒಂದು ಪೆಟ್ಟಿಗೆಗೆ ದೊರೆಯುವ ೨೩ ಕಿಲೋ ಅವಕಾಶದಲ್ಲಿ ಹತ್ತು ಕಿಲೋ ಇದಕ್ಕೇ ಹೋದರೆ ಗತಿಯೇನೆಂದು ಯಜಮಾನರು ಲೆಕ್ಕ ಹಾಕಿದರು.

ಮಗನು ದೂರವಾಣಿಯಲ್ಲಿ, "ಅಮ್ಮಾ, ಅದನ್ನು ಹೊತ್ತು ತಂದು ಏನು ಮಾಡ್ತೀರಿ? ಇಲ್ಲಿ ನೋಡೋದಕ್ಕೆ ಯಂತ್ರವೇ ಇಲ್ಲ. ಬಿಸಾಡಿಬಿಡಿ" ಎಂದನು.

"ನಿನ್ನ ಅಜ್ಜಿ ಸೋಬಾನೆ ಹಾಡಿದ್ದು ಅದರೊಳಗಿದೆ. ಬಿಸಾಡು ಅಂದರೆ ಹೇಗೊ?" ಎಂದರು ಆ ತಾಯಿ.

ವಿಚಾರಿಸಿ ನೋಡಿದರೆ ಇಬ್ಬರ ಮಾತೂ ಸರಿಯೇ. ಮಗನು ಕ್ಯಾಸೆಟ್ಟಿನ ಮಾತನ್ನಾಡುತ್ತಿದ್ದನು. ತಾಯಿಯು ಅದರೊಳಗಿದ್ದುದರ ಮಾತನ್ನಾಡುತ್ತಿದ್ದರು. ಇವೆರಡನ್ನೂ ಬೇರ್ಪಡಿಸಬಹುದೆಂಬುದೇ ಈ ಪ್ರಶ್ನೆಗೆ ಉತ್ತರ. ಆದರೆ ಬೇರ್ಪಡಿಸುವ ಕೆಲಸವು ಊರು ಬಿಡುವುದಕ್ಕೆ ಮುಂಚೆಯೇ ಆಗತಕ್ಕದ್ದು.

ಏತಕ್ಕೆಂದರೆ, ಕ್ಯಾಸೆಟ್ಟು ಚಿರಕಾಲ ಬಾಳುವ ವಸ್ತುವಲ್ಲ. ಜಪಾನಿನ ಜೆವಿಸಿ ಕಂಪೆನಿಯವರು ವಿಎಚ್‌ಎಸ್ ಪದ್ಧತಿಯನ್ನು ೧೯೭೬ರಲ್ಲಿ ಹೊರತಂದರು. ನಮ್ಮ ದೇಶದಲ್ಲಿ ೧೯೮೨ರ ದೆಹಲಿಯ ಏಷ್ಯನ್ ಕ್ರೀಡೆಗಳ ವರ್ಷ ದೂರದರ್ಶನಕ್ಕೆ ಬಣ್ಣ ಬಂದಿತು. ಆ ದಶಕದಲ್ಲಿಯೇ ವಿಸಿಆರ್ ಯಂತ್ರವೂ ಮನೆಗಳನ್ನು ಹೊಕ್ಕಿತು. ೧೯೯೪ರಲ್ಲಿ ಬ್ರೆಜಿಲ್ ದೇಶದ ಕಾಫಿ ಗಿಡಗಳು ಹಿಮಕ್ಕೆ ಸಿಕ್ಕಿ ಕರಗಿದಾಗ ಜಗತ್ತಿನಲ್ಲಿ ಕಾಫಿಯ ಬೆಲೆಯೇರಿತಷ್ಟೆ. ಅದರ ಮಾರನೆಯ ವರ್ಷವೇ ನಮ್ಮ ಬಂಧುಗಳ ಮನೆಯಲ್ಲಿ ಹಿರಿಯ ಮಗಳ ಮದುವೆ ವಿಡಿಯೊ ಸಮೇತ ವಿಜೃಂಭಣೆಯಿಂದ ನಡೆಯಿತು. ಈಗಲಾದರೋ, ಈ ಯಂತ್ರವನ್ನು ಕೊನೆಯವರೆಗೂ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪೆನಿಯವರೂ ೨೦೧೬ರ ಜುಲೈ ತಿಂಗಳಲ್ಲಿ ನಿಲ್ಲಿಸಿಬಿಟ್ಟರು. ಹಳೆಯ ಯಂತ್ರಗಳು ಸವೆಯುತ್ತಿವೆ, ರಿಪೇರಿ ಬಲ್ಲವರು ವಿರಳರಾಗುತ್ತಿದ್ದಾರೆ.

ಇನ್ನು ಟೇಪಿನ ಸ್ಥಿತಿ. ಅರ್ಧ ಅಂಗುಲ ಅಗಲದ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅಯಸ್ಕಾಂತ ಗುಣವುಳ್ಳ ಕಬ್ಬಿಣದ ಆಕ್ಸೈಡಿನ ಸೂಕ್ಷ್ಮ ಕಣಗಳನ್ನು ಅಂಟಿನಿಂದ ಹಿಡಿಸಿರುತ್ತಾರೆ. ಚಿತ್ರವೂ ಧ್ವನಿಯೂ ಆ ಕಣಗಳಲ್ಲಿ ಅಡಗಿರುತ್ತವೆ. ಆ ಅಂಟಿಗೆ ತೇವವೇ ಶತ್ರು. ತೇವವನ್ನು ಹೀರಿದ ಅಂಟು ಕ್ರಮೇಣ ಸಡಿಲಗೊಳ್ಳುತ್ತದೆ. ಸುರುಳಿಯ ಅಂಚಿನಲ್ಲಿ ಬಿಳಿಯ ಬೂಷ್ಟು ಕಟ್ಟುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಜಡಿಮಳೆ ಹಿಡಿಯುವ ನಮ್ಮ ಮಲೆನಾಡಿನಲ್ಲಿ ಇದನ್ನು ವಿವರಿಸಬೇಕಾಗಿಲ್ಲ. ಪಾರ್ಚ್‌ಮೆಂಟ್ ಕಾಫಿಯನ್ನು ತೇವಾಂಶವು ನೂರಕ್ಕೆ ಹತ್ತರಷ್ಟಕ್ಕಿಳಿಯುವವರೆಗೆ ಕಣದಲ್ಲಿ ಒಣಗಿಸಿ, ಮಳೆಗೆ ಮುಂಚೆಯೇ ಸಾಗಿಸಲು ಅವಸರಪಡುವ ನಾವು, ಅದೇ ಮಳೆಗೆ ಮೂವತ್ತು ವರ್ಷ ಕ್ಯಾಸೆಟ್ಟುಗಳನ್ನು ಒಡ್ಡಿಬಿಟ್ಟು ಮರೆತಿರುತ್ತೇವೆ! ಈ ಅಪಾಯವು ನಮ್ಮೊಬ್ಬರದಲ್ಲ. ಟೇಪುಗಳಲ್ಲಿರುವುದನ್ನು ಬೇಗನೆ ಬೇರೆಡೆಗೆ ವರ್ಗಾಯಿಸದಿದ್ದರೆ ಕಳೆದುಕೊಳ್ಳಬೇಕಾದೀತೆಂದು ಯುನೆಸ್ಕೊ ಸಂಸ್ಥೆಯವರು ೨೦೧೯ರಲ್ಲಿಯೇ ಲೋಕಕ್ಕೆಲ್ಲ ಎಚ್ಚರಿಕೆ ಕೊಟ್ಟರು.

ಪರದೇಶಕ್ಕೆ ಹೋಗುವವರಿಗೆ ಮತ್ತೊಂದು ತೊಡಕುಂಟು. ನಮ್ಮ ಕ್ಯಾಸೆಟ್ಟುಗಳು ಪಾಲ್ ಎಂಬ ಪದ್ಧತಿಯವು. ಅದರಲ್ಲಿ ಚಿತ್ರಕ್ಕೆ ೬೨೫ ಗೆರೆಗಳು. ಅಮೆರಿಕಾದಲ್ಲಿ ಬಳಕೆಯಲ್ಲಿದ್ದುದು ಎನ್‌ಟಿಎಸ್‌ಸಿ. ಅದಕ್ಕೆ ೫೨೫ ಗೆರೆಗಳು. ಅಲ್ಲಿ ಹಳೆಯ ಯಂತ್ರವೊಂದು ಸಿಕ್ಕಿದರೂ ನಮ್ಮ ಕ್ಯಾಸೆಟ್ಟು ಸಾಮಾನ್ಯವಾಗಿ ಅದರಲ್ಲಿ ಸರಿಯಾಗಿ ಕಾಣಿಸದು. ಕಂಪ್ಯೂಟರಿನ ಕಡತಕ್ಕಾದರೋ ಈ ದೇಶಭೇದವಿಲ್ಲ.

ಹಾಗಾದರೆ ನಲವತ್ತೊಂದನ್ನೂ ವರ್ಗಾಯಿಸಬೇಕೆ? ಬೇಡ. ಮೂರು ಗಂಟೆಯ ಟೇಪನ್ನು ವರ್ಗಾಯಿಸಲು ಮೂರು ಗಂಟೆಯೇ ಬೇಕು, ಇದರಲ್ಲಿ ಅಡ್ಡದಾರಿಯಿಲ್ಲ. ಆದುದರಿಂದ ಮೊದಲು ವಿಂಗಡಿಸಬೇಕು. ಕೊಂಡು ತಂದ ಸಿನಿಮಾಗಳದು ಒಂದು ರಾಶಿ. ಅವು ಬೇರೆ ಕಡೆ ದೊರೆಯುವಂಥವಾದರೆ ಧಾರಾಳವಾಗಿ ಬಿಡಬಹುದು. ದೂರದರ್ಶನದಿಂದ ಹಿಡಿದುಕೊಂಡವುಗಳದು ಎರಡನೆಯ ರಾಶಿ. ಇದರಲ್ಲಿ ಅಪರೂಪವಾದವನ್ನು ಮಾತ್ರ ಆರಿಸಬೇಕು. ಮನೆಯವರ ಮುಖ, ಮನೆಯವರ ದನಿ ಇರುವವುಗಳದು ಮೂರನೆಯ ರಾಶಿ. ಇಡೀ ಜಗತ್ತಿನಲ್ಲಿ ಇವಕ್ಕೆ ಎರಡನೆಯ ಪ್ರತಿಯಿರುವುದಿಲ್ಲ. ನಮ್ಮ ಬಂಧುಗಳ ಪೆಟ್ಟಿಗೆಯಲ್ಲಿ ಈ ಮೂರನೆಯ ರಾಶಿಗೆ ಬಂದವು ಒಂಬತ್ತೇ ಕ್ಯಾಸೆಟ್ಟುಗಳು. ನಲವತ್ತೊಂದರ ಭಾರವು ಒಂಬತ್ತಕ್ಕೆ ಇಳಿದ ಕೂಡಲೇ ಯಜಮಾನರ ಮುಖವೂ ಹಗುರವಾಯಿತು.

ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಕುತೂಹಲದಿಂದ ಯಂತ್ರಕ್ಕೆ ತುರುಕಕೂಡದು. ಟೇಪು ಹರಿಯಬಹುದು; ಬೂಷ್ಟು ಯಂತ್ರಕ್ಕಂಟಿ ಮುಂದಿನ ಕ್ಯಾಸೆಟ್ಟಿಗೂ ದಾಟಬಹುದು. ಅಂಥವನ್ನು ಬೇರೆಯಾಗಿಟ್ಟು, ಬಿಚ್ಚಿ ಶುದ್ಧಮಾಡಬಲ್ಲವರಿಗೆ ಒಪ್ಪಿಸಬೇಕು. ಉಳಿದವುಗಳ ಅಂಚಿನಲ್ಲಿರುವ ಚಿಕ್ಕ ಪ್ಲಾಸ್ಟಿಕ್ ಚೂರನ್ನು ಮುರಿದುಬಿಟ್ಟರೆ ಅವುಗಳ ಮೇಲೆ ಬೇರೊಂದು ಚಿತ್ರ ಅಚ್ಚಾಗುವ ಭಯವಿರುವುದಿಲ್ಲ. ವರ್ಗಾಯಿಸಿದ ಕಡತವನ್ನು ಮೊದಲಿನಿಂದ ಕೊನೆಯವರೆಗೆ ಕುಳಿತು ನೋಡಿದ ಹೊರತು ಕೆಲಸ ಮುಗಿಯಿತೆಂದು ತಿಳಿಯಕೂಡದು. ಪ್ರತಿಗಳು ಮೂರಿರಲಿ: ಒಂದು ಹೊರಡುವವರ ಬಳಿ, ಒಂದು ಊರಿನಲ್ಲಿ ಉಳಿಯುವವರ ಬಳಿ, ಮತ್ತೊಂದು ಬೇರೆ ಬಗೆಯ ಸಂಗ್ರಹದಲ್ಲಿ. ಗಂಟೆಗೆ ಒಂದೆರಡು ಗಿಗಾಬೈಟುಗಳಷ್ಟು ಜಾಗ ಸಾಕಾಗುವುದರಿಂದ ಒಂಬತ್ತು ಕ್ಯಾಸೆಟ್ಟುಗಳೂ ಬೆರಳುದ್ದದ ಪೆನ್‌ಡ್ರೈವಿನಲ್ಲಿ ಅಡಗುತ್ತವೆ. ಮೂಲ ಕ್ಯಾಸೆಟ್ಟುಗಳಲ್ಲಿ ಅತಿ ಮುಖ್ಯವಾದುದನ್ನು ಒಯ್ಯಬೇಕೆನಿಸಿದರೆ ಒಯ್ಯಬಹುದು. ವಿಮಾನ ನಿಲ್ದಾಣದ ಎಕ್ಸ್‌ರೇ ಅದನ್ನು ಕೆಡಿಸುವುದಿಲ್ಲ.

ಈಗ ಆ ಒಂಬತ್ತರ ಕಥೆಯನ್ನು ಹೇಳಿ ಮುಗಿಸುತ್ತೇವೆ. ಏಳು ಚೆನ್ನಾಗಿ ಬಂದವು. ಒಂದು ಬೂಷ್ಟಿಗೆ ಪೂರ್ಣವಾಗಿ ಆಹುತಿಯಾಗಿತ್ತು. "ಮದುವೆ, ಎರಡನೆಯ ಭಾಗ" ಎಂದು ಬರೆದಿದ್ದುದನ್ನು ಹಾಕಿದರೆ ಕಂಡದ್ದು ಯಾವುದೋ ಕ್ರಿಕೆಟ್ ಪಂದ್ಯ! ಎಂದೋ ಆತುರದಲ್ಲಿ ಅದನ್ನು ಅಚ್ಚು ಹಾಕಿದವರು ತಾವೇ ಎಂಬುದು ಯಜಮಾನರಿಗೆ ನೆನಪಾಯಿತು. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಅವರ ಪತ್ನಿಯೂ ಏನನ್ನೂ ಅನ್ನಲಿಲ್ಲ.

ಅಜ್ಜಿಯ ಸೋಬಾನೆ ಮೊದಲನೆಯ ಭಾಗದ ಕೊನೆಯಲ್ಲಿತ್ತು. ನಾಲ್ಕು ಪದಗಳು ಪೂರ್ತಿಯಾಗಿದ್ದವು. ಐದನೆಯದು ಎರಡು ನುಡಿಯಾಗುವಷ್ಟರಲ್ಲಿ ಟೇಪು ಮುಗಿಯಿತು. ಆ ಪದವನ್ನು ಮನೆಯಲ್ಲಿ ಯಾರೂ ಬರೆದಿಟ್ಟಿರಲಿಲ್ಲ. ಆದರೆ ಚಿತ್ರದಲ್ಲಿ ಅಜ್ಜಿಯ ಪಕ್ಕದಲ್ಲಿ ದನಿಗೂಡಿಸುತ್ತಿದ್ದ ತೋಟದ ಲೈನಿನ ಹೆಂಗಸೊಬ್ಬರು ಮುಪ್ಪಿನಲ್ಲಿಯೂ ಅಲ್ಲಿಯೇ ಇದ್ದರು. ಅವರನ್ನು ಕರೆತಂದು ಕೂರಿಸಿ ತೋರಿಸಿದಾಗ, "ಅಮ್ಮಾವ್ರು ಹಿಂಗೇ ಎಳೆದು ಹಾಡೋರು" ಎಂದು ಕಣ್ಣೊರಸಿಕೊಂಡು, ನಿಂತುಹೋದ ಕಡೆಯಿಂದ ಪದವನ್ನು ತಾವೇ ಮುಂದುವರಿಸಿದರು. ಸೊಸೆಯಾದವರು ಒಂದು ನೋಟುಪುಸ್ತಕದಲ್ಲಿ ಅದನ್ನು ಪೂರ್ತಿಯಾಗಿ ಬರೆದುಕೊಂಡರು. ಆ ಹೆಂಗಸಿನ ಮಗನ ಮೊಬೈಲಿಗೂ ಒಂದು ಪ್ರತಿ ಹೋಯಿತು. ಅದು ಅವರ ತಾಯಿಯ ಚಿತ್ರವೂ ಹೌದಷ್ಟೆ.

ನಮ್ಮ ಮನೆಯ ಕ್ಯಾಸೆಟ್ಟಿನಲ್ಲಿ ನಾವು ಮಾತ್ರ ಇರುವುದಿಲ್ಲ. ದಿಬ್ಬಣಕ್ಕೆ ಬಂದ ನೆಂಟರಿರುತ್ತಾರೆ, ಓಲಗದವರಿರುತ್ತಾರೆ, ಅಡಿಗೆಯವರಿರುತ್ತಾರೆ. ಬಿಸಾಡುವ ಮುನ್ನ ಅವರನ್ನೂ ಒಮ್ಮೆ ಕೇಳುವುದು ಯುಕ್ತ. ಹೊರಡುವ ದಿನ ಗೊತ್ತಾಗುವವರೆಗೆ ಕಾಯಬೇಡಿರಿ. ಟಿಕೇಟು ಬಂದಮೇಲೆ ಯಾವುದಕ್ಕೂ ಪುರಸತ್ತಿರುವುದಿಲ್ಲ. ಬರುವ ಮಳೆಗಾಲ ಹಿಡಿಯುವುದಕ್ಕೆ ಮುಂಚೆ, ಬಿಸಿಲಿರುವ ಒಂದು ದಿನ, ಅಟ್ಟವನ್ನು ಹತ್ತಿ ಆ ಪೆಟ್ಟಿಗೆಯನ್ನು ಕೆಳಗಿಳಿಸಿರಿ.