ಹಳೆಯ ನಾಣ್ಯ ಕೂಡಿಡುವವರು ತಿಳಿದಿರಬೇಕಾದದ್ದು

ವಿಕ್ಟೋರಿಯಾ ರಾಣಿಯ ಮುಖವಿರುವ 1862ರ ಬೆಳ್ಳಿ ರೂಪಾಯಿ ಇಂದಿಗೂ ಸುಲಭವಾಗಿ ಸಿಗುತ್ತದೆ. ಒಂದೂವರೆ ಶತಮಾನ ಹಳೆಯದಾದರೂ ಅದು ಅಪರೂಪವಲ್ಲ. 1862 ಎಂಬ ಅದೇ ಇಸವಿಯನ್ನು ಉಳಿಸಿಕೊಂಡು ಟಂಕಸಾಲೆಗಳು 1874ರವರೆಗೂ ಅದನ್ನು ಅಚ್ಚು ಹಾಕಿದ್ದೇ ಕಾರಣ. ಆದರೆ ಆರನೇ ಜಾರ್ಜ್ ಕಾಲದ 1939ರ ರೂಪಾಯಿ ಸಿಗುವುದು ಬಹಳ ಕಷ್ಟ. ನಾಣ್ಯದ ಬೆಲೆ ಅದರ ವಯಸ್ಸಿನಿಂದ ಬರುವುದಿಲ್ಲ. ಎಷ್ಟು ಉಳಿದಿವೆ, ಯಾವ ಸ್ಥಿತಿಯಲ್ಲಿವೆ, ಎಷ್ಟು ಜನಕ್ಕೆ ಬೇಕು ಎಂಬ ಮೂರು ಸಂಗತಿ ಸೇರಿ ಬೆಲೆಯಾಗುತ್ತದೆ. ಈ ಹವ್ಯಾಸಕ್ಕೆ ಹೊಸದಾಗಿ ಇಳಿಯುವವರು ಮೊದಲು ಅರಿಯಬೇಕಾದದ್ದು ಇದನ್ನೇ.

ಎಲ್ಲಿಂದ ಶುರು?

ಸಿಕ್ಕಿದ್ದೆಲ್ಲ ಕೊಂಡರೆ ರಾಶಿಯಾಗುತ್ತದೆ, ಸಂಗ್ರಹವಾಗುವುದಿಲ್ಲ. ಮೊದಲು ಒಂದು ಎಲ್ಲೆ ಹಾಕಿಕೊಳ್ಳಿ.

ಕಡಿಮೆ ಖರ್ಚಿನಲ್ಲಿ ಆರಂಭಿಸಲು ಸ್ವತಂತ್ರ ಭಾರತದ ನಾಣ್ಯಗಳು ಒಳ್ಳೆಯವು. 1950ರ ಮೊದಲ ಸರಣಿಯಲ್ಲಿ ಕುದುರೆ ಚಿತ್ರದ ಒಂದು ಪೈಸೆಯಿಂದ ಹಿಡಿದು ರೂಪಾಯಿಯವರೆಗೆ ಏಳು ನಾಣ್ಯಗಳಿವೆ. ಆಗ ರೂಪಾಯಿಗೆ 16 ಆಣೆ, 64 ಪೈಸೆ. 1957ರ ಏಪ್ರಿಲ್ 1ರಂದು ನೂರು ಪೈಸೆಯ ಲೆಕ್ಕ ಬಂತು. ಹಳೆಯ ಪೈಸೆಯೊಂದಿಗೆ ಗೊಂದಲವಾಗದಿರಲೆಂದು ಹೊಸದರ ಮೇಲೆ ‘ನಯಾ ಪೈಸೆ’ ಎಂದು ಬರೆದರು. 1964ರಲ್ಲಿ ‘ನಯಾ’ ಬಿಟ್ಟುಹೋಯಿತು.

ಮೈಸೂರಿನ ನಾಣ್ಯಗಳೂ ಸೊಗಸಾದ ವಿಷಯ. ಕಂಠೀರವ ನರಸರಾಜ ಒಡೆಯರ ಪುಟ್ಟ ಚಿನ್ನದ ಹಣ, ಟಿಪ್ಪುವಿನ ಆನೆ ಚಿತ್ರದ ತಾಮ್ರದ ಪೈಸೆ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಕನ್ನಡ ಅಕ್ಷರಗಳುಳ್ಳ ‘ಮಯಿಲಿ ಕಾಸು’, ಹೀಗೆ ನಮ್ಮ ನಾಡಿನ ಮೂರು ಆಳ್ವಿಕೆಗಳು ಅಂಗೈಯಲ್ಲಿ ಕೂರುತ್ತವೆ.

ನಾಣ್ಯ ಓದುವುದು

ಒಂದು ಭೂತಗನ್ನಡಿ ಕೊಳ್ಳಿ. ಇಂದಿನ ನಾಣ್ಯಗಳಲ್ಲಿ ಇಸವಿಯ ಕೆಳಗೆ ಸಣ್ಣದೊಂದು ಗುರುತಿರುತ್ತದೆ. ವಜ್ರದಾಕಾರವಿದ್ದರೆ ಮುಂಬೈ, ನಕ್ಷತ್ರವಿದ್ದರೆ ಹೈದರಾಬಾದ್, ದುಂಡು ಚುಕ್ಕಿಯಿದ್ದರೆ ನೋಯ್ಡಾ. ಏನೂ ಇಲ್ಲದಿದ್ದರೆ ಕೋಲ್ಕತ್ತ ಟಂಕಸಾಲೆಯದು. ಒಂದೇ ಇಸವಿಯ ಒಂದೇ ನಾಣ್ಯ ಒಂದು ಟಂಕಸಾಲೆಯಿಂದ ಹೇರಳವಾಗಿ, ಇನ್ನೊಂದರಿಂದ ವಿರಳವಾಗಿ ಬಂದಿರಬಹುದು.

ವಿಕ್ಟೋರಿಯಾ ನಾಣ್ಯಗಳಲ್ಲಿ ಹೆಸರಿನ ಜೊತೆ ‘ಕ್ವೀನ್’ ಎಂದಿದ್ದರೆ ಅದು 1877ಕ್ಕೆ ಮುಂಚಿನದು, ‘ಎಂಪ್ರೆಸ್’ ಎಂದಿದ್ದರೆ ಆಮೇಲಿನದು. ಐದನೇ ಜಾರ್ಜ್‌ನ 1911ರ ರೂಪಾಯಿಯಲ್ಲಿ ದೊರೆಯ ನಿಲುವಂಗಿಯ ಮೇಲಿನ ಆನೆಯನ್ನು ನೋಡಿ. ಅದು ಹಂದಿಯಂತೆ ಕಾಣುತ್ತದೆಂದು ಜನ ತಕರಾರು ತೆಗೆದರು. ಚಿತ್ರ ತಿದ್ದಿ 1912ರಲ್ಲಿ ಹೊಸ ಅಚ್ಚು ಬಂತು. ಸಂಗ್ರಾಹಕರ ಬಾಯಲ್ಲಿ 1911ರದ್ದು ಇಂದಿಗೂ ‘ಹಂದಿ ರೂಪಾಯಿ’.

ಟಿಪ್ಪುವಿನ ನಾಣ್ಯಗಳಲ್ಲಿ ಇಸವಿ ಓದುವಾಗ ಎಚ್ಚರ ಬೇಕು. ಆಳ್ವಿಕೆಯ ನಡುವೆ ಅವನು ಮೌಲೂದಿ ಎಂಬ ಹೊಸ ಶಕೆಯನ್ನು ಜಾರಿಗೆ ತಂದು ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ.

ಅಸಲಿಯೋ ನಕಲಿಯೋ

ಮೊದಲ ಪರೀಕ್ಷೆ ತೂಕ. ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ 11.66 ಗ್ರಾಂ ಇರಬೇಕು. ಸವೆದಿದ್ದರೆ ತುಸು ಕಡಿಮೆಯಾಗಬಹುದು, ಹೆಚ್ಚಾಗುವಂತಿಲ್ಲ. ಎರಡನೆಯದು ಅಯಸ್ಕಾಂತ. ಬೆಳ್ಳಿ, ತಾಮ್ರ ಅದಕ್ಕೆ ಅಂಟುವುದಿಲ್ಲ. ಆದರೆ ಹುಲಿ ಚಿತ್ರದ 1947ರ ರೂಪಾಯಿ ಅಂಟಿದರೆ ನಕಲಿಯೆಂದು ಬಿಸಾಡಬೇಡಿ, ಅದು ನಿಕಲ್ ನಾಣ್ಯ. ಮೂರನೆಯದು ಅಂಚು. ಅಚ್ಚಿನಲ್ಲಿ ಲೋಹ ಎರೆದು ಮಾಡಿದ ನಕಲಿಗೆ ಅಂಚಿನಲ್ಲಿ ಬೆಸುಗೆಯ ಗೆರೆಯೂ ಮೈಮೇಲೆ ಸಣ್ಣ ಗುಳ್ಳೆಗಳೂ ಕಾಣುತ್ತವೆ.

ಈಸ್ಟ್ ಇಂಡಿಯಾ ಕಂಪನಿಯ ಹೆಸರು, 1818ರ ಇಸವಿ, ಹನುಮಂತನ ಚಿತ್ರ ಇರುವ ‘ಒಂದಾಣೆ’ ಲಕ್ಷಾಂತರ ಬಾಳುತ್ತದೆ, ಅಕ್ಕಿ ಎಳೆಯುತ್ತದೆ ಎಂದು ಯಾರಾದರೂ ಬಂದರೆ ಬಾಗಿಲು ಹಾಕಿ. ಕಂಪನಿ ಅಂಥ ನಾಣ್ಯ ಹೊರಡಿಸಿಯೇ ಇಲ್ಲ. ನಿಮ್ಮ ಹಳೆಯ ನಾಣ್ಯಕ್ಕೆ ಭಾರಿ ಬೆಲೆ ಕೊಡುತ್ತೇವೆ, ಮೊದಲು ತೆರಿಗೆ ಕಟ್ಟಿ ಎನ್ನುವ ಕರೆಗಳೂ ಮೋಸವೇ. ಹಳೆಯ ನಾಣ್ಯದ ವ್ಯಾಪಾರಕ್ಕೂ ತನಗೂ ಸಂಬಂಧವಿಲ್ಲವೆಂದು ರಿಸರ್ವ್ ಬ್ಯಾಂಕ್ 2021ರಲ್ಲೇ ಪ್ರಕಟಣೆ ಹೊರಡಿಸಿದೆ.

ತೊಳೆಯಬೇಡಿ, ತಿಕ್ಕಬೇಡಿ

ನಮ್ಮ ಮನೆಗಳಲ್ಲಿ ಒಳ್ಳೆಯ ನಾಣ್ಯಗಳು ಹಾಳಾಗಿರುವುದು ಹೆಚ್ಚಾಗಿ ಭಕ್ತಿಯಿಂದ. ಲಕ್ಷ್ಮೀಪೂಜೆಗೆಂದು ಪ್ರತಿ ವರ್ಷ ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿದಾಗ ಕಪ್ಪಿನ ಜೊತೆ ಅಕ್ಷರದ ಅಂಚೂ ಮೂಲ ಹೊಳಪೂ ಹೋಗುತ್ತವೆ. ಕಾಲ ಕೂಡಿಸಿದ ಆ ಕಪ್ಪು ಬಣ್ಣವನ್ನು ಬಲ್ಲವರು ದೋಷವೆಂದು ಎಣಿಸುವುದಿಲ್ಲ. ಉಜ್ಜಿದ ನಾಣ್ಯಕ್ಕೆ ಬೆಲೆ ತೀರಾ ಕುಸಿಯುತ್ತದೆ.

ನಾಣ್ಯವನ್ನು ಅಂಚು ಹಿಡಿದೇ ಎತ್ತಿ. ಮೆದು ಪಿವಿಸಿ ಹಾಳೆಗಳ ಆಲ್ಬಂ ಬೇಡ. ಅದರ ರಾಸಾಯನಿಕದಿಂದ ತಾಮ್ರದ ಮೇಲೆ ಹಸಿರು ಜಿಗುಟು ಕೂರುತ್ತದೆ. ನಾಣ್ಯದ ಅಂಗಡಿಗಳಲ್ಲಿ ಸಿಗುವ ಕಾಗದದ ಚೌಕಟ್ಟುಗಳಲ್ಲಿ ಒಂದೊಂದನ್ನೂ ಬೇರೆಯಾಗಿ ಇಡಿ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಆಗಾಗ ಬದಲಿಸಬೇಕು.

ಕಾನೂನು

1972ರ ಪ್ರಾಚ್ಯವಸ್ತು ಮತ್ತು ಕಲಾ ನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯವೂ ಪ್ರಾಚ್ಯವಸ್ತು. ಮನೆಯಲ್ಲಿ ಇಟ್ಟುಕೊಳ್ಳಬಹುದು, ಆದರೆ ಅದನ್ನು ವ್ಯಾಪಾರವಾಗಿ ನಡೆಸಲು ಪರವಾನಗಿ ಬೇಕು. ಖಾಸಗಿಯವರು ಅಂಥದ್ದನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಅಮೆರಿಕದಲ್ಲಿರುವ ಮಗಳಿಗೆ ಉಡುಗೊರೆಯೆಂದು ಕಳಿಸುವುದೂ ಅಪರಾಧ.

ಹೊಲ ಉಳುವಾಗ, ಪಾಯ ತೋಡುವಾಗ ನಾಣ್ಯಗಳು ಸಿಕ್ಕರೆ ಅದು ನಿಧಿ, ಜಿಲ್ಲಾಡಳಿತಕ್ಕೆ ತಿಳಿಸಲೇಬೇಕು. ಹಂಚಿಕೊಂಡುಬಿಟ್ಟರೆ ಕಾನೂನಿನ ತೊಂದರೆಗಿಂತ ದೊಡ್ಡ ನಷ್ಟವಾಗುತ್ತದೆ. ಒಟ್ಟಿಗೆ ಹೂತಿದ್ದ ನಾಣ್ಯಗಳು ಆ ಊರಿನಲ್ಲಿ ಯಾವ ಕಾಲಕ್ಕೆ ಯಾರ ಹಣ ಓಡುತ್ತಿತ್ತೆಂದು ಹೇಳುತ್ತವೆ. ಚದುರಿದ ಮೇಲೆ ಆ ಸಾಕ್ಷ್ಯ ಮತ್ತೆ ಸಿಗುವುದಿಲ್ಲ.

ಬರೆದಿಡಿ

ಪ್ರತಿ ನಾಣ್ಯಕ್ಕೂ ಒಂದು ಸಂಖ್ಯೆ ಕೊಟ್ಟು ಪುಸ್ತಕದಲ್ಲಿ ದಾಖಲಿಸಿ: ಎಲ್ಲಿ, ಯಾವಾಗ, ಯಾರಿಂದ, ಎಷ್ಟಕ್ಕೆ ಬಂತು, ತೂಕ, ಅಗಲ, ಟಂಕಸಾಲೆ, ಎರಡೂ ಮುಖಗಳ ಫೋಟೊ. ಕಣ್ಣು ಪಳಗಲು ಮುಂಬೈಯ ರಿಸರ್ವ್ ಬ್ಯಾಂಕ್ ನಾಣ್ಯ ಸಂಗ್ರಹಾಲಯದಂಥ ಕಡೆ ಅಸಲಿ ನಾಣ್ಯಗಳನ್ನು ಸಾವಧಾನವಾಗಿ ನೋಡಿ. ಮನೆಯಲ್ಲಿ ಹಿರಿಯರಿದ್ದರೆ ಅವರ ಬಳಿಯಿರುವ ನಾಣ್ಯಗಳ ಕಥೆಯನ್ನು ಈಗಲೇ ಕೇಳಿ ಬರೆದುಕೊಳ್ಳಿ. ನಾಣ್ಯವನ್ನು ಮುಂದೆಂದಾದರೂ ಕೊಳ್ಳಬಹುದು; ಅದು ನಿಮ್ಮ ಮನೆಗೆ ಬಂದ ಬಗೆಯನ್ನು ಯಾವ ಅಂಗಡಿಯಲ್ಲೂ ಕೊಳ್ಳಲಾಗದು.