ಮುಳ್ಳು ಹೇಳಿದ ಸುಳ್ಳು

ಕಳೆದ ಸೆಪ್ಟೆಂಬರಿನ ಒಂದು ಭಾನುವಾರ ಸಂಜೆ. ಗ್ವೆಲ್ಫ್‌ನಿಂದ ಮನೆಗೆ ಮರಳುತ್ತಿದ್ದಾಗ ಹೈವೇ 401ರಲ್ಲಿ, ಮಿಲ್ಟನ್ ಹತ್ತಿರ, ನಮ್ಮ ಮೋಟಾರ್ ಸೈಕಲ್ ಎರಡು ಸಲ ಕೆಮ್ಮಿ ನಿಂತೇಬಿಟ್ಟಿತು. ಪೆಟ್ರೋಲ್ ಮುಳ್ಳು ಮಾತ್ರ ಅರ್ಧ ಟ್ಯಾಂಕ್ ತೋರಿಸುತ್ತಿತ್ತು! ಹೇಗೋ ಗಾಡಿಯನ್ನು ರಸ್ತೆಯ ಅಂಚಿಗೆ ತಂದು, ತಡೆಬೇಲಿಯ ಆಚೆ ನಿಂತು ಸಹಾಯಕ್ಕೆ ಫೋನ್ ಮಾಡಿದೆವು. ಪಕ್ಕದಲ್ಲೇ ದೊಡ್ಡ ದೊಡ್ಡ ಟ್ರಕ್ಕುಗಳು ಧಾವಿಸುತ್ತಿದ್ದ ಆ ಮುಕ್ಕಾಲು ಗಂಟೆಯನ್ನು ನಾವಿಬ್ಬರೂ ಮರೆಯಲಾರೆವು. ಇಂಧನ ಮಾಪಕ ನಮಗೆ ಕೈಕೊಟ್ಟದ್ದು ಅದು ಮೂರನೆಯ ಸಲ. ಅಷ್ಟರಲ್ಲಿ ಎರಡು ಬಾರಿ ಸೆನ್ಸರ್ ಬದಲಾಯಿಸಿದ್ದಾಗಿತ್ತು.

ನಮ್ಮ ಶಾಲೆಯ ಪೋಷಕರಲ್ಲಿ ಬೈಕ್ ಪ್ರಿಯರಿದ್ದಾರೆ. ಹಿರಿಯ ವಿದ್ಯಾರ್ಥಿಗಳಲ್ಲಿ ಲೈಸೆನ್ಸಿಗಾಗಿ ಕಾಯುತ್ತಿರುವವರೂ ಇದ್ದಾರೆ. ಅವರಿಗಾಗಿ ನಾವು ಕಲಿತ ಪಾಠ ಇಲ್ಲಿದೆ.

ಮಾಪಕ ಕೆಲಸ ಮಾಡುವ ಬಗೆ

ಟ್ಯಾಂಕಿನೊಳಗೆ ಒಂದು ಕಡ್ಡಿಯ ತುದಿಯಲ್ಲಿ ಪುಟ್ಟ ಬೆಂಡು ತೇಲುತ್ತಿರುತ್ತದೆ. ಪೆಟ್ರೋಲ್ ಇಳಿದಂತೆ ಬೆಂಡೂ ಇಳಿಯುತ್ತದೆ. ಕಡ್ಡಿಯ ಇನ್ನೊಂದು ತುದಿ ಒಂದು ವಿದ್ಯುತ್ ಪಟ್ಟಿಯ ಮೇಲೆ ಉಜ್ಜುತ್ತಾ ಸರಿಯುತ್ತದೆ. ಆಗ ವಿದ್ಯುತ್ತಿಗೆ ಎದುರಾಗುವ ತಡೆ ಹೆಚ್ಚು ಕಡಿಮೆಯಾಗುತ್ತದೆ. ಆ ತಡೆಯನ್ನೇ ಮಾಪಕ ಮುಳ್ಳಿನ ಚಲನೆಯಾಗಿ ತೋರಿಸುತ್ತದೆ. ಅಂದರೆ ಮುಳ್ಳು ಪೆಟ್ರೋಲನ್ನು ನೋಡುವುದೇ ಇಲ್ಲ, ಬೆಂಡು ಹೇಳಿದ್ದನ್ನು ನಮಗೆ ದಾಟಿಸುತ್ತದೆ ಅಷ್ಟೆ.

ಈ ಸರಪಳಿಯ ಯಾವ ಕೊಂಡಿ ಕೆಟ್ಟರೂ ಸುದ್ದಿ ಸುಳ್ಳಾಗುತ್ತದೆ. ಉಜ್ಜಿ ಉಜ್ಜಿ ಪಟ್ಟಿ ಸವೆಯಬಹುದು. ಬೆಂಡಿನೊಳಗೆ ಪೆಟ್ರೋಲ್ ಹೊಕ್ಕು ಅದು ಮುಳುಗಬಹುದು. ವೈರಿನ ಜೋಡಣೆಗೆ ಕಿಲುಬು ಹಿಡಿಯಬಹುದು. ಇಲ್ಲಿಯ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುವುದು ಸಾಮಾನ್ಯ. ಅದು ತೇವವನ್ನು ಹೀರಿಕೊಳ್ಳುವ ಗುಣವುಳ್ಳದ್ದು. ನವೆಂಬರಿನಿಂದ ಏಪ್ರಿಲ್‌ವರೆಗೆ ಗರಾಜಿನಲ್ಲಿ ಅರೆಖಾಲಿ ಟ್ಯಾಂಕಿನೊಡನೆ ನಿಂತ ಗಾಡಿಗೆ ಇದು ಒಳ್ಳೆಯದಲ್ಲ. ಆದ್ದರಿಂದ ಚಳಿಗಾಲಕ್ಕೆ ಮುಂಚೆ ಟ್ಯಾಂಕ್ ತುಂಬಿಸಿ, ಪೆಟ್ರೋಲ್ ಕೆಡದಂತೆ ಕಾಯುವ ಸ್ಟೆಬಿಲೈಸರ್ ಬೆರೆಸಿಡುವುದು ಲೇಸು.

ನಮ್ಮ ಹಿರಿಯರ ಉಪಾಯ

ನಮ್ಮ ಹಿರಿಯರಿಗೆ ಈ ತಾಪತ್ರಯವೇ ಇರಲಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಗಾಡಿಗಳನ್ನು ನೆನೆಯಿರಿ. ಟ್ಯಾಂಕಿನ ಕೆಳಗೊಂದು ನಲ್ಲಿ. ಅದಕ್ಕೆ ಟ್ಯಾಂಕಿನೊಳಗೆ ಎರಡು ಬಾಯಿ, ಒಂದು ಎತ್ತರದಲ್ಲಿ, ಒಂದು ತಳದಲ್ಲಿ. ಪೆಟ್ರೋಲ್ ಮೇಲಿನ ಬಾಯಿಗಿಂತ ಕೆಳಗಿಳಿದಾಗ ಎಂಜಿನ್ ತಡವರಿಸುತ್ತಿತ್ತು. "ರಿಸರ್ವ್‌ಗೆ ಬಂತು" ಎನ್ನುತ್ತಾ ನಲ್ಲಿ ತಿರುಗಿಸಿದರೆ ಮುಂದಿನ ಬಂಕಿನವರೆಗೆ ಚಿಂತೆಯಿಲ್ಲ. ಅನುಮಾನ ಬಂದರೆ ಮುಚ್ಚಳ ತೆರೆದು, ಗಾಡಿ ಅಲ್ಲಾಡಿಸಿ, ಸದ್ದು ಕೇಳುವುದೂ ಇತ್ತು! ಇಂದಿನ ಫ್ಯೂಯಲ್ ಇಂಜೆಕ್ಷನ್ ಗಾಡಿಗಳಲ್ಲಿ ಸಾಮಾನ್ಯವಾಗಿ ಆ ನಲ್ಲಿ ಇರುವುದಿಲ್ಲ. ಇವುಗಳಲ್ಲಿ ಪಂಪು ಟ್ಯಾಂಕಿನೊಳಗೇ ಇದ್ದು ಪೆಟ್ರೋಲಿನಿಂದಲೇ ತಂಪಾಗುತ್ತದೆ. ಹೀಗಾಗಿ ಟ್ಯಾಂಕ್ ಬರಿದಾದರೆ ಪಂಪಿಗೂ ಕೇಡು.

ಆಕಾಶದಲ್ಲಿ ಇಂಧನ ಮುಗಿದಾಗ

ಕೆಟ್ಟ ಮಾಪಕದ ಅತಿ ದೊಡ್ಡ ಪಾಠ ನಮ್ಮ ಕೆನಡಾದ್ದೇ. 1983ರ ಜುಲೈ 23ರಂದು ಏರ್ ಕೆನಡಾದ ಬೋಯಿಂಗ್ 767 ವಿಮಾನವೊಂದು ಮಾಂಟ್ರಿಯಲ್‌ನಿಂದ ಆಟವಾ ಮಾರ್ಗವಾಗಿ ಎಡ್ಮಂಟನ್‌ಗೆ ಹೊರಟಿತ್ತು. ಅದರ ಇಂಧನ ಮಾಪಕಗಳು ಕೆಟ್ಟಿದ್ದವು. ಆದ್ದರಿಂದ ಕಡ್ಡಿಯಿಂದ ಅಳೆದು ಲೆಕ್ಕ ಹಾಕಿದರು. ಬೇಕಾಗಿದ್ದದ್ದು 22,300 ಕಿಲೋ. ಲೀಟರನ್ನು ತೂಕಕ್ಕೆ ತಿರುಗಿಸುವಾಗ 1.77ರಿಂದ ಗುಣಿಸಿದರು. ಆದರೆ ಅದು ಪೌಂಡಿನ ಅಂಕಿ, ಕಿಲೋಗೆ ಸುಮಾರು 0.8 ಆಗಬೇಕಿತ್ತು. ಹೀಗೆ ಬೇಕಾದದ್ದರ ಅರ್ಧಕ್ಕಿಂತ ಕಡಿಮೆ ಇಂಧನದೊಡನೆ ವಿಮಾನ ಏರಿತು. 41,000 ಅಡಿ ಎತ್ತರದಲ್ಲಿ ಹಾರುತ್ತಿದ್ದಾಗ ಇಂಧನ ತೀರಿ ಎರಡೂ ಎಂಜಿನ್‌ಗಳು ನಿಂತವು. ಕ್ಯಾಪ್ಟನ್ ಬಾಬ್ ಪಿಯರ್ಸನ್ ಮತ್ತು ಸಹಪೈಲಟ್ ಮಾರಿಸ್ ಕ್ವಿಂಟಾಲ್ ವಿಮಾನವನ್ನು ತೇಲಿಸುತ್ತಾ ತಂದು ಮ್ಯಾನಿಟೋಬಾದ ಗಿಮ್ಲಿಯ ಹಳೆಯ ವಾಯುನೆಲೆಯಲ್ಲಿ ಇಳಿಸಿದರು. ಒಳಗಿದ್ದ 69 ಮಂದಿಯೂ ಬದುಕುಳಿದರು.

ಮಕ್ಕಳೇ, ಭಾಷೆ ಕಲಿಸುವ ನಮಗೆ ಈ ಕಥೆ ಬಹಳ ಹಿಡಿಸಿತು. ಗಣಿತದ ಮೇಷ್ಟರು ಉತ್ತರದ ಮುಂದೆ ಕಿಲೋ, ಲೀಟರ್ ಎಂದು ಬರೆಯದಿದ್ದರೆ ಅಂಕ ಕಡಿತ ಮಾಡುವುದೇಕೆಂದು ಈಗ ತಿಳಿಯಿತೇ?

ನಮ್ಮ ಗಾಡಿಯ ರೋಗ

ಮೂರನೆಯ ಸಲ ನಾವು ಬೇರೊಬ್ಬ ಮೆಕ್ಯಾನಿಕ್ ಬಳಿ ಹೋದೆವು. ಅವರು ಹೊಸ ಸೆನ್ಸರ್ ತರಿಸುವ ಬದಲು ಹಳೆಯದನ್ನೇ ಹೊರತೆಗೆದು ಮಲ್ಟಿಮೀಟರ್ ಜೋಡಿಸಿ, ಬೆಂಡನ್ನು ಕೈಯಿಂದ ಮೆಲ್ಲನೆ ಏರಿಳಿಸಿದರು. ಅಂಕಿ ಎಲ್ಲೂ ಜಿಗಿಯದೆ ಒಂದೇ ಸಮನೆ ಬದಲಾಯಿತು. ಸೆನ್ಸರ್ ಸರಿಯಾಗಿಯೇ ಇತ್ತು! ಟ್ಯಾಂಕಿನೊಳಗಿನ ಒಂದು ರಬ್ಬರ್ ಕೊಳವೆ ಕ್ಲಿಪ್ಪಿನಿಂದ ಜಾರಿ ಬೆಂಡಿನ ಕಡ್ಡಿಯನ್ನು ನಡುವೆಯೇ ತಡೆದು ಹಿಡಿಯುತ್ತಿತ್ತು. ಪ್ರತಿ ಬಾರಿ ಬಿಚ್ಚಿ ಜೋಡಿಸಿದಾಗ ಸ್ವಲ್ಪ ದಿನ ಸರಿಹೋಗಿ, ಕೊಳವೆ ಮತ್ತೆ ಸರಿಯುತ್ತಿತ್ತು. ನಮ್ಮ ಗಾಡಿಯ ಎಚ್ಚರಿಕೆಯ ದೀಪವೂ ಅದೇ ಬೆಂಡನ್ನೇ ನಂಬಿದ್ದರಿಂದ ಅದೂ ಹೊತ್ತಲಿಲ್ಲ. ಒಂದು ಕ್ಲಿಪ್ಪಿನಿಂದ ಮುಗಿಯುವ ಕೆಲಸಕ್ಕೆ ನಾವು ಎರಡು ಸೆನ್ಸರಿನ ಹಣ ತೆತ್ತಿದ್ದೆವು.

ನೀವು ಮಾಡಬಹುದಾದದ್ದು

1. ಟ್ಯಾಂಕ್ ತುಂಬಿಸಿದಾಗಲೆಲ್ಲ ಟ್ರಿಪ್ ಮೀಟರನ್ನು ಸೊನ್ನೆಗೆ ತನ್ನಿ. 210 ಕಿ.ಮೀ. ಓಡಿದ ಮೇಲೆ ಮತ್ತೆ ತುಂಬಲು 10.5 ಲೀಟರ್ ಹಿಡಿದರೆ, ಲೀಟರಿಗೆ 20 ಕಿ.ಮೀ. ಎಂದಾಯಿತು. 15 ಲೀಟರ್ ಟ್ಯಾಂಕಿನಲ್ಲಿ 300 ಕಿ.ಮೀ. ಲೆಕ್ಕ ಬಂದರೂ 220ಕ್ಕೇ ತುಂಬಿಸಿ. ಹಿಂದೆ ಒಬ್ಬರು ಕೂತರೆ, ಎದುರುಗಾಳಿ ಬೀಸಿದರೆ ಖರ್ಚು ಹೆಚ್ಚು.

2. ದೋಷ ಮರುಕಳಿಸಿದರೆ ಬಿಡಿಭಾಗ ಬದಲಿಸುವ ಮುನ್ನ ಕಾರಣವೇನೆಂದು ಕೇಳಿ. ತಾರೀಖು, ಓಡಿದ ಕಿ.ಮೀ., ರಸೀದಿ ಎಲ್ಲವನ್ನೂ ಜೋಪಾನವಾಗಿಡಿ.

3. ನಿಮ್ಮ ಮಾದರಿಗೆ ರೀಕಾಲ್ ಇದೆಯೇ ಎಂದು ಟ್ರಾನ್ಸ್‌ಪೋರ್ಟ್ ಕೆನಡಾದ ಪಟ್ಟಿಯಲ್ಲಿ ನೋಡಿ. ಸುರಕ್ಷತೆಗೆ ಸಂಬಂಧಿಸಿದ ದೋಷಗಳನ್ನು ಅಲ್ಲಿಗೆ ವರದಿ ಮಾಡಲೂಬಹುದು.

4. ಮನೆಗಂಟಿದ ಗರಾಜಿನಲ್ಲಿ ಟ್ಯಾಂಕ್ ಬಿಚ್ಚಬೇಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹರಡಿ, ಎಲ್ಲೋ ಇರುವ ಕಿಡಿಯಿಂದಲೂ ಹೊತ್ತಿಕೊಳ್ಳಬಹುದು.

ಈಗ ನಮ್ಮ ಮುಳ್ಳು ಸರಿಯಾಗಿದೆ. ಆದರೂ ಟ್ರಿಪ್ ಮೀಟರ್ ನೋಡದೆ ನಾವು ಗಾಡಿ ಹತ್ತುವುದಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.