ಆಸರೆಯ ಲೆಕ್ಕಾಚಾರ

ಬ್ಯಾಡಗಿ ತಾಲ್ಲೂಕಿನ ಕದರಮಂಡಲಗಿಯ ಕಾಂತೇಶನನ್ನೂ ಸಾತೇನಹಳ್ಳಿಯ ಶಾಂತೇಶನನ್ನೂ ಶಿಕಾರಿಪುರದ ಭ್ರಾಂತೇಶನನ್ನೂ ಒಂದೇ ದಿನ ದರ್ಶಿಸಿದವರ ಇಷ್ಟಾರ್ಥವು ಕೈಗೂಡುವುದೆಂಬ ನಂಬಿಕೆ ಈ ಸೀಮೆಯಲ್ಲಿ ಬಹುಕಾಲದಿಂದ ನೆಲೆಸಿದೆ. ಹರಕೆ ಹೊರುವ ನಮ್ಮ ಜನರ ಇಷ್ಟಾರ್ಥಗಳಲ್ಲಿ ಪುತ್ರಸಂತಾನಕ್ಕೆ ಇರುವ ಸ್ಥಾನವನ್ನು ಬಿಡಿಸಿ ಹೇಳಬೇಕಾದುದಿಲ್ಲ. ‘ಒಂದು ಗಂಡರ ಆಗ್ಲಿ’ ಎಂಬ ಬಯಕೆಗೂ ‘ಕೂಸು ನೆಟ್ಟಗಿದ್ರ ಸಾಕು’ ಎಂಬ ಅಳುಕಿಗೂ ಮೂಲವೊಂದೇ: ಮುಪ್ಪಿನಲ್ಲಿ ಅನ್ನವಿಕ್ಕುವವರಾರು, ಹೊಲ ನೋಡುವವರಾರು, ಚಿತೆಗೆ ಕೊಳ್ಳಿಯಿಡುವವರಾರು ಎಂಬ ಚಿಂತೆ. ಮಗಳು ಪರರ ಮನೆಗೆ ಸಲ್ಲುವವಳು, ಅಂಗವಿಕಲನಾದ ಮಗನು ತಾನೇ ಆಸರೆ ಬೇಡುವವನು ಎಂದೆಣಿಸುವ ಮನೆಯಲ್ಲಿ, ಮಗನಿದ್ದೂ ಇಲ್ಲದಂತಾಗಿ, ತಾಯಿಯ ಸಂತಾನಹರಣದ ‘ಆಪರೇಷನ್’ ಮುಂದಕ್ಕೆ ಹೋಗುತ್ತದೆ.

ಕೂಸು ಹೆಣ್ಣಾದೀತೆಂಬ, ಊನವಿದ್ದೀತೆಂಬ ಈ ಎರಡು ಭಯಗಳೂ ಒಂದೇ ಸೂಜಿಯ ಮೊನೆಯಲ್ಲಿ ಸಂಧಿಸಿದುದು 1975ರ ಸುಮಾರಿಗೆ. ಭ್ರೂಣದ ಆನುವಂಶಿಕ ನ್ಯೂನತೆಗಳನ್ನು ಅರಿಯಲೆಂದು ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಸೂಜಿಯಿಂದ ಗರ್ಭಜಲ ತೆಗೆದು ನೋಡುವ ಪರೀಕ್ಷೆ ಆರಂಭವಾಗಲು, ಬಂದ ದಂಪತಿಗಳು ವಿಚಾರಿಸತೊಡಗಿದುದು ಕೂಸು ಗಂಡೋ ಹೆಣ್ಣೋ ಎಂಬುದನ್ನು. 1978ರಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಲಿಂಗಪತ್ತೆ ನಿಷಿದ್ಧವಾಯಿತು. ಖಾಸಗಿ ಚಿಕಿತ್ಸಾಲಯಗಳು ಅದನ್ನು ವ್ಯಾಪಾರವಾಗಿಸಿದುವು. 1994ರ ಕೇಂದ್ರ ಕಾಯಿದೆಯು ನ್ಯೂನತೆಯ ಶೋಧನೆಗೆ ಅನುಮತಿಯಿತ್ತು, ಲಿಂಗವನ್ನು ತಿಳಿಸುವುದನ್ನು ಅಪರಾಧವೆಂದಿತು. ಹಾಗಿದ್ದರೂ ಕರ್ನಾಟಕದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 1991ರಲ್ಲಿ 960 ಇದ್ದ ಹೆಣ್ಣುಮಕ್ಕಳ ಸಂಖ್ಯೆ 2001ರಲ್ಲಿ 946ಕ್ಕೆ ಇಳಿದು, 2011ರಲ್ಲಿ 948ರಲ್ಲಿ ನಿಂತಿತು. 2023ರಲ್ಲಂತೂ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿರಿಸಿ ಭ್ರೂಣಲಿಂಗ ಪತ್ತೆಮಾಡುತ್ತಿದ್ದ ಜಾಲವು ಪೊಲೀಸರಿಗೆ ಸಿಕ್ಕಿತು. ಬೆಲ್ಲ ಕಾಯಿಸುವ ಮನೆಗೆ ಇಂಥ ಗತಿ ಬಂದೀತೆಂದು ಯಾರು ಎಣಿಸಿದ್ದರು!

ಗಂಡೋ ಹೆಣ್ಣೋ ನಿರ್ಣಯವಾಗುವುದು ತಂದೆಯ ವೀರ್ಯಾಣುವಿನಿಂದ. ಅಕ್ಕನ ಮಗಳನ್ನು ತರುವ ನಮ್ಮ ರೂಢಿಯಲ್ಲಿ ಹೆಚ್ಚುವ ಆನುವಂಶಿಕ ರೋಗಗಳೋ ಬಹುಮಟ್ಟಿಗೆ ತಂದೆತಾಯಿಗಳಿಬ್ಬರಿಂದಲೂ ಇಳಿದು ಬರತಕ್ಕವು. ಆದರೆ ಎರಡು ಬಗೆಯ ನಿಂದೆಯನ್ನೂ ಹೊರುವವಳು ಸೊಸೆಯೊಬ್ಬಳೇ. ಇದು ಅಜ್ಞಾನವಷ್ಟೇ ಅಲ್ಲ, ಅನುಕೂಲದ ಅಜ್ಞಾನ.

ಆಸರೆಯ ಲೆಕ್ಕವನ್ನೇ ಹಿಡಿದರೂ ಅದು ಇಂದು ತಪ್ಪು ಲೆಕ್ಕ. ಅದೇ 1994ರಲ್ಲಿ ಕರ್ನಾಟಕವು ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನ ಸಮಪಾಲನ್ನು ವಿಧಿಸಿತು. ಹಕ್ಕುಬಿಡುಗಡೆ ಪತ್ರಕ್ಕೆ ಅವಳಿಂದ ಸಹಿ ಹಾಕಿಸಿಕೊಳ್ಳುವುದು ಮಾತ್ರ ಇನ್ನೂ ನಿಂತಿಲ್ಲ. ವೃದ್ಧ ತಂದೆತಾಯಿಗಳ ಪೋಷಣೆಯ ಹೊಣೆಯನ್ನಾದರೋ 2007ರ ಕಾಯಿದೆಯು ಮಗನಿಗೂ ಮಗಳಿಗೂ ಸಮವಾಗಿಯೇ ಹೊರಿಸಿದೆ.